ರಕ್ತದ ದಾರಿ ಹುಡುಕುತ್ತ: ಶಿಶ್ನ ಮರುರಚನೆಯ ಶಸ್ತ್ರಚಿಕಿತ್ಸೆ ನಡೆದುಬಂದ ಹಾದಿ

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ, ಟಿಪ್ಪುವಿನ ಸೇನೆಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆ ಸೀಮೆಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಹುಬ್ಬುಗಳ ನಡುವೆ ಚರ್ಮದ ಸಣ್ಣ ಪಟ್ಟಿಯೊಂದನ್ನು ಸುಮಾರು 25 ದಿನ ಕತ್ತರಿಸದೆ ಬಿಟ್ಟಿದ್ದ. ಹೊಸ ಮೂಗಿಗೆ ರಕ್ತ ಹರಿದದ್ದು ಅದರ ಮೂಲಕವೇ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಮೇತ ಪ್ರಕಟಿಸಿತು. ಹೀಗೆ ರಕ್ತಸಂಚಾರ ಕಡಿಯದಂತೆ ಜಾಗ ಬದಲಿಸುವ ಜೀವಂತ ಅಂಗಾಂಶವೇ ಫ್ಲಾಪ್. ಕ್ಯಾನ್ಸರ್, ಅಪಘಾತ, ವಿದ್ಯುತ್ ಸುಟ್ಟಗಾಯಗಳಲ್ಲಿ ಶಿಶ್ನ ಕಳೆದುಕೊಂಡವರಿಗೂ ಟ್ರಾನ್ಸ್ ಪುರುಷರಿಗೂ ಇಂದು ಆಸರೆಯಾಗಿರುವುದು ಇದೇ ತತ್ವ.

1936ರಲ್ಲಿ ಸೋವಿಯತ್ ವೈದ್ಯ ನಿಕೊಲಾಯ್ ಬೊಗೊರಾಜ್ ಹೊಟ್ಟೆಯ ಚರ್ಮವನ್ನು ಕೊಳವೆಯಾಗಿ ಸುತ್ತಿ, ಒಳಗೆ ಪಕ್ಕೆಲುಬಿನ ಮೃದ್ವಸ್ಥಿ ಇಟ್ಟು ಶಿಶ್ನ ರೂಪಿಸಿದರು. ಆಕಾರವೇನೋ ಬಂತು. ನಿಂತು ಮೂತ್ರ ಮಾಡುವಂತಾಗಬೇಕೆಂದು ಬ್ರಿಟನ್ನಿನ ಹೆರಾಲ್ಡ್ ಗಿಲೀಸ್ ಕೊಳವೆಯೊಳಗೆ ಇನ್ನೊಂದು ಕೊಳವೆ ಕೂರಿಸಿದರು. 1946ರಿಂದ 1949ರವರೆಗೆ ಅವರ ಬಳಿ ಚಿಕಿತ್ಸೆ ಪಡೆದ ಟ್ರಾನ್ಸ್ ಪುರುಷ ಮೈಕಲ್ ಡಿಲನ್, ಹದಿಮೂರು ಬಾರಿಯಾದರೂ ಆಪರೇಷನ್ ಟೇಬಲ್ ಏರಬೇಕಾಯಿತು. 1972ರಲ್ಲಿ ಶಸ್ತ್ರವೈದ್ಯ ಒರ್ಟಿಕೊಚಿಯಾ ಒಳತೊಡೆಯ ಸ್ನಾಯುವನ್ನು ಬಳಸಿದಾಗಲೂ ಐದು ಹಂತ ಬೇಕಾದವು.

ಕತ್ತರಿಸಿದ ರಕ್ತನಾಳಗಳನ್ನು ಹೊಸ ಜಾಗದಲ್ಲಿ ಮತ್ತೆ ಜೋಡಿಸುವ ಮೈಕ್ರೋಸರ್ಜರಿ ಬಂದಮೇಲೆ ಲೆಕ್ಕವೇ ಬದಲಾಯಿತು. 1984ರಲ್ಲಿ ಚೀನಾದ ಚಾಂಗ್ ಮತ್ತು ಹ್ವಾಂಗ್, ಮುಂಗೈ ಫ್ಲಾಪ್‌ನಿಂದ ಒಂದೇ ಹಂತದಲ್ಲಿ ಶಿಶ್ನ ರಚಿಸಿದ್ದನ್ನು ವರದಿ ಮಾಡಿದರು. ಈ ಶಸ್ತ್ರಚಿಕಿತ್ಸೆಗೆ ಮೊದಲು ಒಂದು ಸರಳ ಪರೀಕ್ಷೆ ಇದೆ. ರೋಗಿ ಮುಷ್ಟಿ ಬಿಗಿಹಿಡಿಯುತ್ತಾನೆ. ವೈದ್ಯರು ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿಹಿಡಿದು, ಮುಷ್ಟಿ ಬಿಚ್ಚಿಸಿ, ಕಿರುಬೆರಳ ಕಡೆಯದನ್ನು ಮಾತ್ರ ಬಿಡುತ್ತಾರೆ. ಬಿಳಿಚಿದ ಅಂಗೈ ಬೇಗನೆ ಕೆಂಪೇರಿದರೆ ಹೆಬ್ಬೆರಳ ಕಡೆಯ ಅಪಧಮನಿಯನ್ನು ತೆಗೆದುಕೊಳ್ಳಬಹುದು. ಫ್ಲಾಪ್‌ನಲ್ಲಿ ಕೂದಲು ಕಡಿಮೆಯಿರುವ ಅಂಚು ಒಳಸುತ್ತಾಗಿ ಮೂತ್ರನಾಳವಾಗುತ್ತದೆ, ಉಳಿದದ್ದು ಹೊರಸುತ್ತು. ಸೂಕ್ಷ್ಮದರ್ಶಕದಡಿ ರಕ್ತನಾಳಗಳ ಜೊತೆಗೆ ನರಗಳನ್ನೂ ಹೊಲಿಯುವುದರಿಂದ ತಿಂಗಳುಗಳು ಕಳೆದಂತೆ ಸ್ಪರ್ಶಜ್ಞಾನ ಬರುತ್ತದೆ. ಗಡಸುತನಕ್ಕೆ ಮುಂದೆ ಕೃತಕ ಸಾಧನ ಅಳವಡಿಸುತ್ತಾರೆ.

ಈ ವಿಧಾನಕ್ಕೆ ತೆರಬೇಕಾದ ಬೆಲೆ ಮುಂಗೈ ಮೇಲಿನ ದೊಡ್ಡ ಕಲೆ. ಅದನ್ನು ತಪ್ಪಿಸಲು ತೊಡೆಯ ಹೊರಮಗ್ಗುಲಿನ ಫ್ಲಾಪ್ ಬಂತು. ಕಲೆ ಬಟ್ಟೆಯಡಿ ಮರೆಯಾಗುತ್ತದೆ, ಎಷ್ಟೋ ಸಲ ರಕ್ತನಾಳ ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಕೊಬ್ಬು ಹೆಚ್ಚಿದ್ದವರಲ್ಲಿ ಸುತ್ತುವುದು ಕಷ್ಟ. 2014ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ದಾನಿಯ ಶಿಶ್ನದ ಕಸಿ ಯಶಸ್ವಿಯಾಯಿತಾದರೂ, ದೇಹ ಅದನ್ನು ತಿರಸ್ಕರಿಸದಿರಲು ಜೀವನಪೂರ್ತಿ ಔಷಧಿ ನುಂಗಬೇಕು.

ಯಾವ ವಿಧಾನದಲ್ಲೂ ಪೂರ್ತಿ ಬಗೆಹರಿಯದಿರುವುದು ಹೊಸ ಮೂತ್ರನಾಳದ ಸೋರಿಕೆ ಮತ್ತು ಕಿರಿದಾಗುವಿಕೆ. ಸಲಹೆ ಪಡೆಯಲು ಬೆಂಗಳೂರಿನ ಹೆಬ್ಬಾಳ, ಯಶವಂತಪುರದ ದೊಡ್ಡ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆಯ ಸೌಲಭ್ಯ ಸರ್ಕಾರದ ಹೊಣೆ ಎನ್ನುತ್ತದೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಯಲಹಂಕದಿಂದಲೋ ಆರ್.ಟಿ. ನಗರದಿಂದಲೋ ಸಲಹೆಗೆ ಹೋಗುವವರು ಫ್ಲಾಪ್ ಎಲ್ಲಿಂದ ತೆಗೆಯುತ್ತೀರಿ ಎಂದಷ್ಟೇ ಕೇಳಿದರೆ ಸಾಲದು. ಮೂತ್ರ ಸೋರಿದರೆ ಮುಂದಿನ ಆಪರೇಷನ್ ಯಾರು ಮಾಡುತ್ತಾರೆ, ಅದರ ಖರ್ಚು ಯಾರದು ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.