ಕಡಲಡಿಯ ಮ್ಯಾಕ್ರೊ ಛಾಯಾಗ್ರಹಣ

ಹವಳದ ದಿಬ್ಬಗಳಲ್ಲಿ ಬದುಕುವ ಬೆರಳುಗುರಿನಷ್ಟು ಚಿಕ್ಕ ಜೀವಿಗಳನ್ನು ನೀರಿನೊಳಗೇ, ತೀರ ಹತ್ತಿರದಿಂದ ಚಿತ್ರ ತೆಗೆಯುವ ಕಲೆ. ಫಿಲ್ಮಿನ ಮೇಲೋ ಸೆನ್ಸರಿನ ಮೇಲೋ ಬೀಳುವ ಬಿಂಬ ಜೀವಿಯ ನಿಜ ಗಾತ್ರದಷ್ಟೇ ಇದ್ದರೆ ಅದು ಮ್ಯಾಕ್ರೊ ಎಂಬುದು ಕಟ್ಟುನಿಟ್ಟಿನ ಲೆಕ್ಕ. ರೂಢಿಯಲ್ಲಿ ಅರ್ಧ ಗಾತ್ರಕ್ಕೂ ಆ ಹೆಸರೇ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ.

ಕ್ಯಾಮೆರಾ ನೀರಿಗಿಳಿಯುವ ಮೊದಲು ಈ ಕೆಲಸ ಕುಂಚದ್ದಾಗಿತ್ತು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಕನ್ನಡ ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ ವಾಲ್ಟರ್ ಎಲಿಯಟ್, ಮುಂದೆ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಹಿಡಿಸಿ ಸ್ಥಳೀಯ ಚಿತ್ರಕಾರನಿಂದ ಬರೆಸಿದ. ಸ್ಪಿರಿಟ್ಟಿನಲ್ಲಿಟ್ಟರೆ ಇವು ಬಣ್ಣ ಬಿಟ್ಟು ಮುದ್ದೆಯಾಗುತ್ತವೆ, ಹಾಗಾಗಿ ಜೀವವಿದ್ದಾಗಲೇ ಚಿತ್ರ ಬೇಕಿತ್ತು. ಈ ಸಂಗ್ರಹವನ್ನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಾದ ಆಲ್ಡರ್ ಮತ್ತು ಹ್ಯಾನ್‌ಕಾಕ್ 1864ರಲ್ಲಿ ಪ್ರಕಟಿಸಿದರು.

ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡಲಲ್ಲಿ ಚಿತ್ರ ತೆಗೆದಾಗ ಒಂದೊಂದಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಕೊಡಬೇಕಾಗುತ್ತಿತ್ತು; ಚಿಕ್ಕ ಜೀವಿಯ ಮಾತೇ ಇರಲಿಲ್ಲ. ದಾರಿ ತೆರೆದದ್ದು 1963ರಲ್ಲಿ ನಿಕಾನ್ ಮಾರುಕಟ್ಟೆಗೆ ತಂದ ನಿಕೊನೋಸ್ ಎಂಬ ನೀರೊಳಗಿನ ಕ್ಯಾಮೆರಾ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೊಳವೆ ಸೇರಿಸಿದರೆ ಅದು ಹತ್ತಿರದ ವಸ್ತುವಿಗೆ ಕೂರುತ್ತಿತ್ತು. ಆದರೆ ಲೆನ್ಸಿನ ಮೂಲಕ ನೋಡುವ ಅನುಕೂಲವಿರಲಿಲ್ಲ. ಮುಂದೆ ಚಾಚಿದ ತಂತಿಯ ಚೌಕಟ್ಟಿನೊಳಗೆ ಜೀವಿ ಬಂದರೆ ಗುಂಡಿ ಒತ್ತುವುದು, ಅಷ್ಟೆ. ಚೌಕಟ್ಟು ಕಂಡ ಮೀನು ಓಡುತ್ತದೆ, ನುಡಿಬ್ರಾಂಕ್ ಓಡುವುದಿಲ್ಲ. ಮ್ಯಾಕ್ರೊದವರ ಅಚ್ಚುಮೆಚ್ಚಾಗಲು ಅದರ ಬಣ್ಣದಷ್ಟೇ ಈ ಸೋಮಾರಿತನವೂ ಕಾರಣವಿರಬೇಕು. ಲೆನ್ಸಿನ ಮೂಲಕವೇ ನೋಡುವ ನಿಕೊನೋಸ್ ಆರ್‌ಎಸ್ 1992ರಲ್ಲಿ ಬಂತು. ಡಿಜಿಟಲ್ ಬಂದ ಮೇಲೆ 36 ಚಿತ್ರದ ರೋಲಿನ ಜಿಪುಣತನವೂ ತಪ್ಪಿತು.

ನೇತ್ರಾಣಿಯ ನೀರು ಯಾವಾಗಲೂ ಲಕ್ಷದ್ವೀಪದಂತೆ ತಿಳಿಯಾಗಿರುವುದಿಲ್ಲ. ಮ್ಯಾಕ್ರೊ ಇಲ್ಲಿ ಒಗ್ಗುವುದೂ ಅದಕ್ಕೇ. ಮಂಡ್ಯ ಜಿಲ್ಲೆಯ ಸಂತೆಬಾಚಹಳ್ಳಿಯಂಥ ಊರಿನಲ್ಲಿ ಕೆರೆಗೆ ಧುಮುಕಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕದಡಿದ ನೀರಿನಲ್ಲಿ ಆಚೆ ದಡ ಕಾಣದು, ಕಣ್ಣಿಗೆ ಹತ್ತಿರ ಹಿಡಿದ ಅಂಗೈ ಕಾಣುತ್ತದೆ. ದೂರದ ದೃಶ್ಯಕ್ಕೆ ಫ್ಲ್ಯಾಶ್ ಹಾಕಿದರೆ ನಡುವಿನ ಕಣಗಳೆಲ್ಲ ಬೂದಿ ಎರಚಿದಂತೆ ಬೆಳಗುತ್ತವೆ. ಗೇಣಿಗಿಂತ ಹತ್ತಿರ ಹೋದರೆ ಕಣಗಳೂ ಕಡಿಮೆ. ನೀರು ಮೊದಲು ನುಂಗುವ ಕೆಂಪು ಬಣ್ಣವೂ ಫ್ಲ್ಯಾಶಿನಿಂದ ಮರಳುತ್ತದೆ.

ಇಲ್ಲಿ ಸ್ಕೂಬಾ ಡೈವಿಂಗ್ ಬೆಳೆದದ್ದು 2000ದ ನಂತರ. ಈ ದ್ವೀಪ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಗಿತ್ತೆಂಬುದು ಅದರ ಚರಿತ್ರೆಯ ಸುಖವಲ್ಲದ ಪುಟ. ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ.

ಮುಳುಗಿದವರು ಬಂಡೆಯ ಮುಂದೆ ತೇಲುತ್ತ ಉಸಿರು ಹದಕ್ಕೆ ತರುತ್ತಾರೆ, ಏಕೆಂದರೆ ಉಸಿರೆಳೆದರೆ ದೇಹ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ, ಫೋಕಸ್ ತಪ್ಪುತ್ತದೆ. ಗಮನವಿಡುವುದು ನುಡಿಬ್ರಾಂಕಿನ ತಲೆಯ ಮೇಲಿನ ಎರಡು ಕೊಂಬುಗಳ ಮೇಲೆ. ಅವು ವಾಸನೆ ಹಿಡಿಯುವ ಅಂಗ. ಹಲವು ಜಾತಿಗಳಲ್ಲಿ ಹಿಂದುಗಡೆ ಕಿವಿರು ಹೂವಿನಂತೆ ಅರಳಿರುತ್ತದೆ. ನೀರು ಜೋರಾಗಿ ಅಲುಗಿದರೆ ಜೀವಿ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮತ್ತೆ ಅರಳುವವರೆಗೆ ಕಾಯಬೇಕು. ಆಧಾರಕ್ಕೆಂದು ಹವಳ ಹಿಡಿಯುವಂತಿಲ್ಲ: ಕಲ್ಲುಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿಯ ಜೊತೆಯಲ್ಲೇ.