ಸ್ಥೂಲಕಾಯ ಮತ್ತು ಹಾರ್ಮೋನುಗಳ ಏರುಪೇರು

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸಂಜೆ ಹೊತ್ತು ಸುಸಲಾ, ಮಿರ್ಚಿ ಭಜಿ ತಿನ್ನುವವರಲ್ಲಿ ತೆಳ್ಳಗಿನವರೂ ಇದ್ದಾರೆ, ದಪ್ಪಗಿನವರೂ ಇದ್ದಾರೆ. ಅದೇ ತಿಂಡಿ ಒಬ್ಬರ ಮೈಗೆ ಹತ್ತುತ್ತದೆ, ಇನ್ನೊಬ್ಬರಿಗೆ ಹತ್ತುವುದಿಲ್ಲ. ನಮ್ಮ ಕರಾವಳಿಯಲ್ಲೂ ಅಷ್ಟೆ. ಆದರೆ ದಪ್ಪಗಿರುವವರನ್ನು ಕಂಡೊಡನೆ "ಬಾಯಿ ಕಟ್ಟುವುದಿಲ್ಲ" ಎಂದು ತೀರ್ಪು ಕೊಡುವುದು ರೂಢಿಯಾಗಿಬಿಟ್ಟಿದೆ. ಹೊಟ್ಟೆಬಾಕತನ ಏಳು ಮೂಲಪಾಪಗಳಲ್ಲಿ ಒಂದೆಂದು ಧರ್ಮೋಪದೇಶ ತರಗತಿಯಲ್ಲಿ ಕಲಿತ ನಮಗೆ ಆ ತೀರ್ಪು ಇನ್ನೂ ಸುಲಭ. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯದಲ್ಲಾಗಲಿ, ಕರಾವಳಿಯಲ್ಲಾಗಲಿ ಮನೆಭೇಟಿಗೆ ಹೋಗುವ ಧರ್ಮಭಗಿನಿಯರಿಗೆ, ಗುರಿಕಾರರಿಗೆ, ಸ್ತ್ರೀ ಸಂಘಟನೆಯ ಸದಸ್ಯೆಯರಿಗೆ ಉಪಯೋಗವಾಗಲೆಂದು ಈ ಮಾಹಿತಿ ಕೊಡುತ್ತಿದ್ದೇವೆ.

ಮೊದಲು ಅಳತೆಯ ವಿಷಯ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆ ಭಾರತೀಯರಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ. ಪಾಶ್ಚಾತ್ಯರಿಗೆ ಈ ಮಿತಿ 25 ಮತ್ತು 30. ತೂಕ ಕಡಿಮೆಯಿದ್ದರೂ ನಮ್ಮವರಿಗೆ ಹೊಟ್ಟೆಯ ಸುತ್ತ ಬೊಜ್ಜು ಬೇಗ ಸೇರುವುದರಿಂದ ಈ ವ್ಯತ್ಯಾಸ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 25ರ ಮಿತಿಯನ್ನೇ ಹಿಡಿದು ಲೆಕ್ಕ ಹಾಕಿದಾಗಲೂ ಕರ್ನಾಟಕದಲ್ಲಿ ಶೇಕಡಾ 30ರ ಆಸುಪಾಸಿನ ವಯಸ್ಕರು ಅದನ್ನು ದಾಟಿದ್ದರು.

ಬೊಜ್ಜು ಎಂದರೆ ಗೋದಾಮಿನಲ್ಲಿಟ್ಟ ಮೂಟೆಯಂತೆ ಸುಮ್ಮನೆ ಬಿದ್ದಿರುವ ವಸ್ತು ಎಂದು ವೈದ್ಯರೂ ಬಹುಕಾಲ ತಿಳಿದಿದ್ದರು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಲೆಪ್ಟಿನ್ ತಯಾರಾಗುವುದೇ ಕೊಬ್ಬಿನ ಜೀವಕೋಶಗಳಲ್ಲಿ. "ಸಂಗ್ರಹ ಸಾಕಷ್ಟಿದೆ" ಎಂದು ಮೆದುಳಿಗೆ ತಿಳಿಸುವುದು ಅದರ ಕೆಲಸ. ಬೊಜ್ಜು ಹೆಚ್ಚಿದಂತೆ ಲೆಪ್ಟಿನ್ ಕೂಡ ಹೆಚ್ಚುತ್ತದೆ, ಆದರೆ ಮೆದುಳು ಕ್ರಮೇಣ ಅದಕ್ಕೆ ಕಿವಿಗೊಡುವುದಿಲ್ಲ. ಹಸಿವು ತಗ್ಗುವುದಿಲ್ಲ.

ಕಷ್ಟಪಟ್ಟು ತೂಕ ಇಳಿಸಿದವರ ಪಾಡು ಇನ್ನೊಂದು ಬಗೆಯದು. ಕೊಬ್ಬು ಕರಗಿದೊಡನೆ ಲೆಪ್ಟಿನ್ ಕುಸಿಯುತ್ತದೆ, ಹೊಟ್ಟೆಯಲ್ಲಿ ಹುಟ್ಟುವ ಹಸಿವಿನ ಹಾರ್ಮೋನು ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೂಕ ಇಳಿದು ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಇಳಿಸಿದ ತೂಕ ಮತ್ತೆ ಏರಿದವರನ್ನು ಮನಸ್ಸು ಗಟ್ಟಿಯಿಲ್ಲದವರೆಂದು ಹೀಯಾಳಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ಸುಲಿನ್. ಹೊಟ್ಟೆಯೊಳಗಿನ ಬೊಜ್ಜಿನಿಂದ ಕೊಬ್ಬಿನಾಮ್ಲಗಳು ಯಕೃತ್ತಿಗೆ ಸೇರಿ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತವೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ದಣಿದಾಗ ಸಕ್ಕರೆ ಕಾಯಿಲೆ. ಇದಕ್ಕೆ ಮೊದಲೇ ಕಾಣುವ ಒಂದು ಗುರುತುಂಟು: ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ ಒರಟಾಗುವುದು. ಕೊಳೆಯೆಂದು ತಾಯಂದಿರು ಮಕ್ಕಳ ಕುತ್ತಿಗೆಯನ್ನು ಗಸಗಸ ಉಜ್ಜುವುದುಂಟು. ಉಜ್ಜಿ ಫಲವಿಲ್ಲ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಹೆಚ್ಚಿದ ಇನ್ಸುಲಿನ್ ಹೆಣ್ಣುಮಕ್ಕಳ ಅಂಡಾಶಯವನ್ನು ಪ್ರಚೋದಿಸಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ಮೊಡವೆ, ಗರ್ಭಧಾರಣೆಗೆ ತೊಡಕು, ಇವೆಲ್ಲ ಪಿಸಿಓಎಸ್ ಎಂಬ ತೊಂದರೆಯ ಲಕ್ಷಣಗಳು. ಮದುವೆಯಾಗಿ ಮಕ್ಕಳಾಗದ ಸೊಸೆಯನ್ನು ದೂರುವ ಮನೆಗಳಲ್ಲಿ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು. ತೂಕದಲ್ಲಿ ಶೇಕಡಾ 5ರಿಂದ 10 ಇಳಿದರೂ ಅನೇಕರಲ್ಲಿ ಮುಟ್ಟು ಸರಿಹೋಗುತ್ತದೆ. ಗಂಡನ ಬೊಜ್ಜೂ ಕಾರಣವಾಗಿರಬಹುದು: ಕೊಬ್ಬಿನಲ್ಲಿರುವ ಕಿಣ್ವವೊಂದು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಹೀಗೆ ಹುಟ್ಟುವ ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರದ ಮತ್ತು ಸ್ತನದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆ ಬಿಟ್ಟು ಸ್ತ್ರೀರೋಗ ತಜ್ಞರಲ್ಲಿ ಹೋಗತಕ್ಕದ್ದು.

ಥೈರಾಯಿಡ್ ಮೇಲೆ ಹೊರಿಸುವ ಆರೋಪ ಮಾತ್ರ ಸ್ವಲ್ಪ ಅತಿಯಾಯಿತು. ಥೈರಾಯಿಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಕೊರತೆಯಿಲ್ಲದವರು ತೂಕ ಇಳಿಸಲೆಂದು ಆ ಮಾತ್ರೆ ನುಂಗಿದರೆ ಹೃದಯಕ್ಕೆ ಅಪಾಯ.

ಮಂಡಿನೋವಿಗೆ, ದಮ್ಮಿಗೆ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರವಿರಲಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಮುಖ ಗುಂಡಗಾಗಿ, ಹೊಟ್ಟೆ ಉಬ್ಬಿ, ಕೈಕಾಲು ಸಣಕಲಾಗಿ, ಚರ್ಮದಲ್ಲಿ ನೇರಳೆ ಗೆರೆಗಳು ಮೂಡಿದರೆ ಸಂಶಯಪಡಬೇಕು. ಅಂಥ ಔಷಧವನ್ನು ತಟ್ಟನೆ ನಿಲ್ಲಿಸುವುದೂ ಪ್ರಾಣಾಪಾಯ. ಪೊಟ್ಟಣದ ಸಮೇತ ವೈದ್ಯರನ್ನು ಕಾಣಬೇಕು.

ಆಹಾರದ ಬಗ್ಗೆ ಎರಡು ಮಾತು. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯದ ಕಲಬುರಗಿ ಊಟ ಒಳ್ಳೆಯದೇ, ಶೇಂಗಾ ಹಿಂಡಿಯ ಮೇಲೆ ಸುರಿಯುವ ಎಣ್ಣೆಗೆ ಮಾತ್ರ ಲೆಕ್ಕ ಬೇಕು. ಕಮಲಾಪುರದ ಕೆಂಪು ಬಾಳೆ ಒಂದು ತಿಂದರೆ ಯಾರೂ ದಪ್ಪಗಾಗುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಊರಿನಲ್ಲಿ ನಡಿಗೆಗೆ ಬೆಳಗಿನ ಜಾವವೇ ಲೇಸು.

ಕರುಳಿನ ಹಾರ್ಮೋನುಗಳನ್ನು ಅನುಕರಿಸುವ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಪರಿಣಾಮವಿದೆ, ಆದರೆ ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ವೈದ್ಯರ ಚೀಟಿಯಿಲ್ಲದೆ, ಗರ್ಭಿಣಿಯರಾಗಿದ್ದಾಗ ಬಳಸಕೂಡದು.

ತಪಸ್ಸು ಕಾಲದಲ್ಲಿ ತೂಕವೂ ಇಳಿಯಲಿ ಎಂದು ಕಠಿಣ ಉಪವಾಸ ಹಿಡಿಯುವವರಿದ್ದಾರೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸದ ನಿಯಮ 18 ತುಂಬಿದವರಿಂದ 60ನೇ ವರ್ಷ ಆರಂಭವಾಗುವವರೆಗೆ ಮಾತ್ರ, ಅದರಲ್ಲೂ ರೋಗಿಗಳಿಗೆ ವಿನಾಯಿತಿಯಿದೆ. ಅಂಥವರು ಬೂದಿ ಬುಧವಾರಕ್ಕೆ ಮುನ್ನವೇ ತಮ್ಮ ವೈದ್ಯರನ್ನು ಕಾಣಲಿ, ಬದಲಿಗೆ ಯಾವ ತ್ಯಾಗ ಮಾಡಬಹುದೆಂದು ಧರ್ಮಗುರುಗಳಲ್ಲಿ ವಿಚಾರಿಸಲಿ.