ಹಾಯಿದೋಣಿಗೆ ಎಷ್ಟು ಇಂದ್ರಿಯಗಳು ಬೇಕು?

1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಪಂದ್ಯ ನಡೆದಾಗ ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ನ್ಯೂಯಾರ್ಕ್ ತಲುಪಿ ಗೆದ್ದರು. ಅವರು ಮಲಗಿದಾಗ ಚುಕ್ಕಾಣಿಯನ್ನು ನೋಡಿಕೊಂಡದ್ದು ದೋಣಿಯ ಹಿಂಬದಿಗೆ ಕಟ್ಟಿದ್ದ ಗಾಳಿಸೂಚಿ. ಗಾಳಿಗೆ ಅದು ತಿರುಗಿದಂತೆಲ್ಲ ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತಿದ್ದವು. ಅಳೆಯುವುದು, ನಿರ್ಧರಿಸುವುದು, ತಿರುಗಿಸುವುದು ಮೂರೂ ಒಂದೇ ಸಾಧನದ ಕೆಲಸವಾಗಿತ್ತು. ವಿದ್ಯುತ್ತಿನ ಗೊಡವೆಯೇ ಇರಲಿಲ್ಲ. ಸ್ವಯಂಚಾಲಿತ ಹಾಯಿದೋಣಿಗೆ ಸೆನ್ಸರ್ ಆರಿಸುವವರು ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ವಾದ. ಮುಂದಿನ ಆರು ದಶಕಗಳಲ್ಲಿ ಸೆನ್ಸರುಗಳು ಅಗ್ಗವಾದವು, ಚಿಕ್ಕವಾದವು. ಆದರೆ ಕಡಲಿನಲ್ಲಿ ಬಾಳಿದ ದೋಣಿಗಳು ಹೆಚ್ಚು ಅಳೆದವಲ್ಲ, ಬೇಕಾದದ್ದನ್ನಷ್ಟೇ ಅಳೆದವು.

ವಿದ್ಯುನ್ಮಾನ ಯುಗ ಗಾಳಿಯನ್ನು ಬಿಟ್ಟು ದಿಕ್ಕನ್ನು ಹಿಡಿಯಿತು. ಫ್ಲಕ್ಸ್‌ಗೇಟ್ ದಿಕ್ಸೂಚಿ ಬಂತು, ಆಮೇಲೆ ಉಗುರಿನಷ್ಟು ಗಾತ್ರದ ಕಾಂತಮಾಪಕ ಚಿಪ್‌ಗಳು ಬಂದವು. ಹಾಯಿದೋಣಿ ಸದಾ ಒಂದು ಕಡೆಗೆ ವಾಲಿಯೇ ಸಾಗುತ್ತದೆ. ಭೂಕಾಂತ ಕ್ಷೇತ್ರವೋ ನೆಲದೊಳಕ್ಕೆ ಇಳಿಜಾರಾಗಿರುತ್ತದೆ. ಆ ಇಳಿಜಾರು 65 ಡಿಗ್ರಿ ಇರುವ ಉತ್ತರ ಯುರೋಪಿನ ಕಡಲಲ್ಲಿ, ಉತ್ತರಕ್ಕೆ ಮುಖಮಾಡಿದ ದೋಣಿ 30 ಡಿಗ್ರಿ ವಾಲಿದರೆ, ತಿದ್ದುಪಡಿಯಿಲ್ಲದ ದಿಕ್ಸೂಚಿ 45 ಡಿಗ್ರಿಗೂ ಮಿಕ್ಕಿ ತಪ್ಪು ತೋರಿಸುತ್ತದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ನಮ್ಮ ಕರಾವಳಿಯಲ್ಲಿ ಈ ದೋಷ ಬಹಳ ಕಡಿಮೆ. ಹಾಗಾಗಿ ಮಂಗಳೂರಿನ ಕಡಲಲ್ಲಿ ಚೆನ್ನಾಗಿ ನಡೆದ ವ್ಯವಸ್ಥೆ ಐರ್ಲೆಂಡಿನ ಬಳಿಯೂ ನಡೆದೀತೆಂದು ನಂಬಲಾಗದು. ವಾಲುವಿಕೆಯನ್ನು ಅಳೆಯುವ ವೇಗೋತ್ಕರ್ಷಮಾಪಕವೂ ಗೈರೊಸ್ಕೋಪೂ ದಿಕ್ಸೂಚಿಗೆ ಜೊತೆಯಾಗಲೇಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ತೆಗೆದ ಮೇಲೆ ಜಿಪಿಎಸ್ ಕರಾರುವಾಕ್ಕಾಯಿತು, ನಿಜ. ಆದರೆ ದೋಣಿ ಎತ್ತ ಸಾಗುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಮೂತಿ ಎತ್ತ ಇದೆ ಎಂಬುದನ್ನಲ್ಲ. ಗಾಳಿಗೂ ಪ್ರವಾಹಕ್ಕೂ ಸಿಕ್ಕು ಅಡ್ಡಡ್ಡ ಜಾರುವ ನಿಧಾನಗತಿಯ ದೋಣಿಯಲ್ಲಿ ಇವೆರಡರ ನಡುವಿನ ಅಂತರ ದೊಡ್ಡದು.

ಕಠಿಣ ಆಯ್ಕೆ ಗಾಳಿಯದು. ತಿರುಗುವ ಪೊಟೆನ್ಶಿಯೋಮೀಟರ್ ಅಗ್ಗ. ಆದರೆ ಸವೆಯುತ್ತದೆ, ಉಪ್ಪುನೀರು ಒಳಹೊಕ್ಕರೆ ಕೆಡುತ್ತದೆ. ಅಯಸ್ಕಾಂತದ ಕೋನವನ್ನು ಮುಟ್ಟದೆಯೇ ಓದುವ ಹಾಲ್ ಸೆನ್ಸರನ್ನು ರಾಳದಲ್ಲಿ ಮುಚ್ಚಿಬಿಡಬಹುದು. ಸಣ್ಣ ದೋಣಿಗೆ ನನ್ನ ಒಲವು ಇದರ ಕಡೆಗೇ. ಶ್ರವಣಾತೀತ ಅಲೆಗಳ ಮಾಪಕದಲ್ಲಿ ಚಲಿಸುವ ಭಾಗವೇ ಇಲ್ಲ, ಆದರೆ ಅದು ಸದಾ ವಿದ್ಯುತ್ ಕುಡಿಯುತ್ತದೆ. ಯಾವುದನ್ನು ಆರಿಸಿದರೂ ಅದನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಇನ್ನೂ ಮುಖ್ಯ. 10 ಮೀಟರ್ ಎತ್ತರದ ಹಾಯಿಕಂಬ 4 ಸೆಕೆಂಡಿಗೊಮ್ಮೆ ಎರಡೂ ಕಡೆಗೆ 15 ಡಿಗ್ರಿ ತೂಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗ ಪಡೆಯುತ್ತದೆ. ಸೆಕೆಂಡಿಗೆ 5 ಮೀಟರ್ ಬೀಸುವ ಗಾಳಿಯಲ್ಲಿ ಆ ತುದಿಯ ಮಾಪಕ ಗಾಳಿಯ ಜೊತೆಗೆ ತನ್ನ ತೂಗಾಟವನ್ನೂ ಅಳೆಯುತ್ತಿರುತ್ತದೆ. ಗೈರೊ ಹೇಳುವ ತೂಗಾಟವನ್ನು ಕಳೆದು, ಅಲೆಯ ಅವಧಿಗೂ ದೀರ್ಘವಾದ ಸರಾಸರಿ ತೆಗೆದರಷ್ಟೇ ಆ ಅಂಕಿಗೆ ಅರ್ಥ.

ಸೆನ್ಸರ್ ಅಗ್ಗವಾಗಿರುವಾಗ ಎರಡೆರಡು ಹಾಕಬಾರದೇಕೆ ಎಂದು ಕೇಳಬಹುದು. ಒಂದೇ ಬಗೆಯ ಎರಡನ್ನು ಒಂದೇ ಕಂಬಕ್ಕೆ ಕಟ್ಟಿದರೆ, ಒಂದನ್ನು ಕೆಡಿಸಿದ ಅಲೆ ಇನ್ನೊಂದನ್ನೂ ಬಿಡುವುದಿಲ್ಲ. ಬೇರೆ ತತ್ತ್ವದ ಅಳತೆಯೊಡನೆ ತಾಳೆ ನೋಡುವುದೇ ನಿಜವಾದ ಕಾವಲು. ದೋಣಿ ಯಾವ ಕಡೆಗೆ ವಾಲಿದೆ ಎಂಬುದೇ ಗಾಳಿ ಯಾವ ಬದಿಯದೆಂದು ಹೇಳುತ್ತದೆ. ಗಾಳಿಮಾಪಕವನ್ನೇ ಕೈಬಿಟ್ಟು ದೋಣಿ ನಡೆಸುವ ನಿಯಂತ್ರಣ ವಿಧಾನವನ್ನು ಫ್ರಾನ್ಸಿನ ಬ್ರೆಸ್ಟ್‌ನಲ್ಲಿ ಲುಕ್ ಜೋಲಾನ್ ಮತ್ತು ಸಂಗಡಿಗರು ರೂಪಿಸಿದ್ದಾರೆ. ಸೇಲ್‌ಡ್ರೋನ್ ಎಂಬ ಸ್ವಯಂಚಾಲಿತ ಹಾಯಿದೋಣಿ ಇನ್ನೂ ಮುಂದೆ ಹೋಯಿತು: ಅದರ ಗಡಸು ರೆಕ್ಕೆಯ ಹಿಂದಿರುವ ಪುಟ್ಟ ಬಾಲವೇ ರೆಕ್ಕೆಯನ್ನು ಗಾಳಿಗೆ ತಕ್ಕ ಕೋನದಲ್ಲಿ ನಿಲ್ಲಿಸುತ್ತದೆ. ಚಿಚೆಸ್ಟರರ ಗಾಳಿಸೂಚಿಯ ಬುದ್ಧಿ ಹೊಸ ರೂಪದಲ್ಲಿ ಮರಳಿದ್ದು ಹೀಗೆ. 2019ರಲ್ಲಿ ಇಂಥದೊಂದು ದೋಣಿ 196 ದಿನಗಳಲ್ಲಿ ಅಂಟಾರ್ಕ್ಟಿಕಾವನ್ನು ಸುತ್ತಿತು. 2021ರ ಸೆಪ್ಟೆಂಬರಿನಲ್ಲಿ ಮತ್ತೊಂದು, ಸ್ಯಾಮ್ ಚಂಡಮಾರುತದೊಳಗಿಂದ ದೃಶ್ಯಗಳನ್ನು ಕಳಿಸಿತು. ಅವು ಹತ್ತಾರು ವೈಜ್ಞಾನಿಕ ಮಾಪಕಗಳನ್ನು ಹೊತ್ತಿದ್ದವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಆ ಮಾಪಕಗಳು ಹೊತ್ತ ಸರಕು; ಅವುಗಳಲ್ಲೊಂದು ಕೆಟ್ಟರೆ ದತ್ತಾಂಶ ಹೋಗುತ್ತದೆಯೇ ಹೊರತು ದೋಣಿಯಲ್ಲ.

ಡಿಕ್ಕಿ ತಪ್ಪಿಸುವ ವಿಚಾರದಲ್ಲಿ ಮಾತ್ರ ಮಿತವ್ಯಯದ ವಾದ ಸೋಲುತ್ತದೆ. ಹಡಗುಗಳ ಗುರುತುಸಂಕೇತ ಹಿಡಿಯುವ ಎಐಎಸ್ ರಿಸೀವರಿಗೆ ವಿದ್ಯುತ್ ಅಷ್ಟೇನೂ ಬೇಡ. ಆದರೆ ಆ ಸಂಕೇತವನ್ನು ಪ್ರಸಾರ ಮಾಡಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಮುಖ್ಯವಾಗಿ 300 ಟನ್ ಮೇಲ್ಪಟ್ಟ ಹಡಗುಗಳಿಗೆ. ಮಲ್ಪೆಯಿಂದಲೋ ಕಾರವಾರದಿಂದಲೋ ರಾತ್ರಿ ಬಲೆ ಬೀಸಲು ಹೊರಟ ನಾಡದೋಣಿ ಎಐಎಸ್ ಪರದೆಯ ಮೇಲೆ ಮೂಡದಿರಬಹುದು. ಅದನ್ನು ಕಾಣಲು ಕ್ಯಾಮೆರಾ ಬೇಕು, ಕ್ಯಾಮೆರಾಕ್ಕೆ ಬ್ಯಾಟರಿ ಬೇಕು. ಗಾಳಿ ಅಳೆಯುವುದರಲ್ಲಿ ಉಳಿಸಿದ ವಿದ್ಯುತ್ತನ್ನು ಮೊದಲು ಖರ್ಚು ಮಾಡಬೇಕಾದದ್ದು ಇಲ್ಲಿಗೆ.